ಬೈದದ್ದಕ್ಕೇ ಅಂಕ ಏರಿತೇ? ತರಗತಿಯಲ್ಲೇ ಪರೀಕ್ಷಿಸಿ ನೋಡುವ ಬಗೆ

"ಚೆನ್ನಾಗಿ ಬೈದೆ, ಮುಂದಿನ ಟೆಸ್ಟಲ್ಲಿ ಅಂಕ ಬಂತು. ಇನ್ನೊಬ್ಬನ್ನ ಎಲ್ಲರೆದುರು ಹೊಗಳಿದೆ, ಅವನದ್ದು ಇಳೀತು. ಇದು ಇಷ್ಟು ವರ್ಷದ ಅನುಭವ, ಸುಳ್ಳು ಅಂತೀರಾ?" ಶಿಕ್ಷಕರಿಂದ, ತಂದೆತಾಯಿಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಜೊತೆಗೇ ಬರುವ ಇನ್ನೆರಡು: "ಟ್ಯೂಷನ್ ಬದಲಿಸಿದ ಮೇಲೆ ಮಗಳ ಗಣಿತ ಸುಧಾರಿಸಿತು, ಟ್ಯೂಷನ್ನೇ ಕಾರಣ ತಾನೆ?" "ಪರಿಹಾರ ಬೋಧನೆ ಮಾಡಿದ ಮಕ್ಕಳೆಲ್ಲ ಮೇಲೆ ಬಂದರು, ಇನ್ನೇನು ಪುರಾವೆ ಬೇಕು?"

ಅನುಭವ ಸುಳ್ಳಲ್ಲ. ಬೈದ ಮೇಲೆ ಅಂಕ ಏರುವುದು ನಿಜ, ಹೊಗಳಿದ ಮೇಲೆ ಇಳಿಯುವುದೂ ನಿಜ. ಆದರೆ ಮೇಲೆ ಎಂಬುದಕ್ಕೂ ಅದರಿಂದ ಎಂಬುದಕ್ಕೂ ನಡುವೆ ದೊಡ್ಡ ಕಂದರವಿದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಇಲ್ಲಿ ಅದಕ್ಕಿಂತ ಸೂಕ್ಷ್ಮವಾದ ಸಂಗತಿ ನಡೆಯುತ್ತದೆ: ಕೊಂಬೆ ಮುರಿಯಲು ಬಂದ ಹೊತ್ತನ್ನೇ ಆರಿಸಿಕೊಂಡು ಕಾಗೆ ಕೂರುತ್ತದೆ. ಅದು ಹೇಗೆಂದು ಮೊದಲು ದಾಳ ಎಸೆದು ನೋಡೋಣ, ಆಮೇಲೆ ನಿಮ್ಮದೇ ಅಂಕವಹಿಯಲ್ಲಿ ಹುಡುಕೋಣ, ಕೊನೆಗೆ ಸರಿಯಾದ ಪರೀಕ್ಷೆಯೊಂದನ್ನು ಏರ್ಪಡಿಸೋಣ. ಕೂಡುವುದು, ಕಳೆಯುವುದು, ಸರಾಸರಿ ತೆಗೆಯುವುದು ಬಂದರೆ ಸಾಕು.

ಬೇಕಾಗುವ ಸಾಮಾನು

ನಾಲ್ಕು ಜೊತೆ ಲೂಡೊ ದಾಳ. ಪ್ರತಿ ಜೊತೆಯಲ್ಲೂ ಒಂದಕ್ಕೆ ಕೆಂಪು ಶಾಯಿಯ ಗುರುತು ಹಾಕಿಡಿ. ಒಂದೇ ವಿಷಯದ, ಒಂದೇ ಗರಿಷ್ಠ ಅಂಕದ ಕನಿಷ್ಠ ಮೂರು ಕಿರುಪರೀಕ್ಷೆಗಳ ಅಂಕವಹಿ. ಚೀಟಿಗೆ ಕಾಗದ, ಒಂದು ಲಕೋಟೆ, ಒಂದು ನಾಣ್ಯ. ದಾಳದ ಭಾಗಕ್ಕೆ 40 ನಿಮಿಷದ ಒಂದು ಪೀರಿಯಡ್, ಅಂಕವಹಿಯ ಭಾಗಕ್ಕೆ ಮನೆಯಲ್ಲಿ ಒಂದು ಸಂಜೆ, ಕೊನೆಯ ಪರೀಕ್ಷೆಗೆ ಎಂಟು ವಾರ ಹಿಡಿಯುತ್ತದೆ. ದಾಳ ಸಿಗದಿದ್ದರೆ 1ರಿಂದ 6ರವರೆಗೆ ಬರೆದ ಆರು ಚೀಟಿಗಳನ್ನು ಡಬ್ಬದಲ್ಲಿ ಹಾಕಿ ಎತ್ತಿಸಿ. ಎತ್ತಿದ ಚೀಟಿಯನ್ನು ಪ್ರತಿಸಲವೂ ಡಬ್ಬಕ್ಕೇ ಹಾಕಬೇಕು. ಇದನ್ನು ಮರೆತರೆ ಲೆಕ್ಕವೆಲ್ಲ ಕೆಡುತ್ತದೆ.

ಹಂತ 1: ಮಾತನ್ನು ಅಳೆಯಲು ಬರುವಂತೆ ಬರೆದಿಡಿ

"ಬೈದರೆ ಸುಧಾರಿಸುತ್ತಾರೆ" ಎಂಬುದನ್ನು ಪರೀಕ್ಷಿಸಲು ಬರುವುದಿಲ್ಲ. ಯಾರು, ಎಷ್ಟು, ಯಾವಾಗ, ಯಾರಿಗಿಂತ ಎಂಬ ನಾಲ್ಕು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಹೀಗೆ ಬರೆಯಿರಿ: "25 ಅಂಕದ ಗಣಿತದ ಕಿರುಪರೀಕ್ಷೆಯಲ್ಲಿ 8ಕ್ಕಿಂತ ಕಡಿಮೆ ತೆಗೆದವರನ್ನು ಗದರಿಸಿದರೆ, ಅಷ್ಟೇ ಅಂಕ ತೆಗೆದು ಗದರಿಸಿಕೊಳ್ಳದ ಮಕ್ಕಳಿಗಿಂತ ಮುಂದಿನ ಪರೀಕ್ಷೆಯಲ್ಲಿ ಸರಾಸರಿ 2 ಅಂಕವಾದರೂ ಹೆಚ್ಚು ತೆಗೆಯುತ್ತಾರೆ." ಅದರ ಕೆಳಗೆ ಇನ್ನೊಂದು ಸಾಲು: "ಇಂಥ ಫಲಿತಾಂಶ ಬಂದರೆ ನನ್ನ ಅಭಿಪ್ರಾಯ ಬಿಡುತ್ತೇನೆ." ಏನು ಬಂದರೂ ಬಿಡುವುದಿಲ್ಲ ಎಂದಾದರೆ ಮುಂದಿನ ಹಂತಗಳಿಗೆ ಹೋಗಿ ಫಲವಿಲ್ಲ.

ತಾರೀಖು ಹಾಕಿ, ಸಹಿ ಮಾಡಿ, ಮಡಚಿ ಲಕೋಟೆಯಲ್ಲಿಡಿ. ಫಲಿತಾಂಶ ನೋಡಿದ ಮೇಲೆ "ಅಂಕ ಏರದಿದ್ದರೇನು, ಶಿಸ್ತು ಬಂತಲ್ಲ" ಎಂದು ಗುರಿಯನ್ನೇ ಸರಿಸುವುದು ಬಲು ಸುಲಭ. ಮೊದಲೇ ಬರೆದಿಟ್ಟ ಕಾಗದ ಅದಕ್ಕೆ ಅಡ್ಡ ನಿಲ್ಲುತ್ತದೆ.

ಹಂತ 2: ದಾಳಕ್ಕೆ ಬೈಯಿರಿ

ತರಗತಿಯಲ್ಲಿ 36 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಕಡಿಮೆಯಿದ್ದರೆ ಕೆಲವರು ಎರಡೆರಡು ಸಂಖ್ಯೆಯ ಪರವಾಗಿ ಎಸೆಯಲಿ. ಒಬ್ಬೊಬ್ಬರೂ ಎರಡು ದಾಳ ಒಟ್ಟಿಗೆ ಎಸೆದು ಕೂಡಿದ ಮೊತ್ತ ಹೇಳಲಿ. ನೀವು ಬೋರ್ಡಿನ ಮೇಲೆ ಕ್ರಮಸಂಖ್ಯೆಯ ಎದುರು ಬರೆಯಿರಿ. ಕೆಂಪು ದಾಳದಲ್ಲಿ ಬಂದದ್ದನ್ನು ಪಕ್ಕದಲ್ಲಿ ಚಿಕ್ಕದಾಗಿ ಬರೆದಿಟ್ಟಿರಿ, ಮುಂದಿನ ಹಂತಕ್ಕೆ ಬೇಕು. ಇದು "ಮೊದಲ ಪರೀಕ್ಷೆ." ಮೊತ್ತ 2ರಿಂದ 12ರ ಒಳಗೆ ಬರುತ್ತದೆ, ಸರಾಸರಿ 7ರ ಹತ್ತಿರ.

ಈಗ 4 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಎದ್ದು ನಿಲ್ಲಿಸಿ. ಲೆಕ್ಕದ ಪ್ರಕಾರ 36ರಲ್ಲಿ 6 ಮಂದಿ ಇರಬೇಕು. ನಿಮ್ಮಲ್ಲಿ ನಾಲ್ಕೋ ಎಂಟೋ ಆದರೂ ತೊಂದರೆಯಿಲ್ಲ. ಅವರ ಕೈಯಲ್ಲಿರುವ ದಾಳಗಳಿಗೆ (ಮಕ್ಕಳಿಗಲ್ಲ) ಇಡೀ ತರಗತಿ ಸೇರಿ ಗದರಲಿ: "ನಾಚಿಕೆ ಆಗಲ್ವಾ? ಮುಂದಿನ ಸಲ ಸರಿಯಾಗಿ ಬೀಳಬೇಕು!" ಬಳಿಕ 10 ಅಥವಾ ಹೆಚ್ಚು ಬಂದವರ ದಾಳಗಳಿಗೆ ಚಪ್ಪಾಳೆ. ಅವರೂ ಸುಮಾರು 6 ಮಂದಿ ಇರುತ್ತಾರೆ.

ಇನ್ನು ಎಲ್ಲರೂ ಮತ್ತೊಮ್ಮೆ ಎಸೆಯಲಿ. ನಾಲ್ಕು ಜೊತೆ ದಾಳ ಸಾಲಿನಿಂದ ಸಾಲಿಗೆ ಹೋಗುತ್ತಿದ್ದರೆ ಎರಡೂ ಸುತ್ತು 25 ನಿಮಿಷದಲ್ಲಿ ಮುಗಿಯುತ್ತವೆ.

ಗದರಿಸಿಕೊಂಡ ದಾಳಗಳ ಮೊದಲ ಸುತ್ತಿನ ಸರಾಸರಿ 3.3ರ ಆಸುಪಾಸಿನಲ್ಲಿ ಇದ್ದದ್ದು ಎರಡನೆಯ ಸುತ್ತಿನಲ್ಲಿ 7ರ ಕಡೆಗೆ ಜಿಗಿಯುತ್ತದೆ. ಆರರಲ್ಲಿ ಐದು "ಸುಧಾರಿಸುತ್ತವೆ". ನಿಖರವಾಗಿ ಹೇಳುವುದಾದರೆ ಸುಧಾರಿಸುವ ಸಂಭವ ಶೇ. 88. ಚಪ್ಪಾಳೆ ಗಿಟ್ಟಿಸಿದ ದಾಳಗಳು 10.7ರಿಂದ ಅದೇ 7ರ ಕಡೆಗೆ ಕುಸಿಯುತ್ತವೆ, ಅಲ್ಲೂ ಶೇ. 88 ಇಳಿಮುಖ. ದಾಳಕ್ಕೆ ಕಿವಿಯಿಲ್ಲ. ಆದರೂ ಬೋರ್ಡಿನ ಮೇಲೆ ಎದ್ದು ಕಾಣುವುದು ಒಂದೇ: ಬೈದರೆ ಏರುತ್ತದೆ, ಹೊಗಳಿದರೆ ಇಳಿಯುತ್ತದೆ.

ಇಲ್ಲಿ ಸ್ವಲ್ಪ ನಿಂತು ಮಕ್ಕಳನ್ನೇ ಕೇಳಿ, ಯಾಕೆ ಹೀಗಾಯಿತು? ಸಾಮಾನ್ಯವಾಗಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಸಾರ್, ಎರಡು ಬಿದ್ದಿದ್ರೆ ಇನ್ನು ಕೆಳಗೆ ಹೋಗೋಕೆ ಜಾಗಾನೇ ಇಲ್ವಲ್ಲ." ಅದೇ ಉತ್ತರದ ಬಾಗಿಲು. ತೀರಾ ಕೆಳಗಿರುವವರನ್ನು ನಾವು ಆರಿಸಿದಾಗ, ದುರದೃಷ್ಟ ಬಡಿದವರನ್ನೂ ಆರಿಸಿರುತ್ತೇವೆ. ದುರದೃಷ್ಟ ಮುಂದಿನ ಸಲಕ್ಕೆ ಕಟ್ಟುನಿಟ್ಟಾಗಿ ಹಿಂಬಾಲಿಸಿ ಬರುವುದಿಲ್ಲ. ಹಾಗಾಗಿ ಗುಂಪಿನ ಸರಾಸರಿ ತಾನಾಗಿಯೇ ಮೇಲೇಳುತ್ತದೆ. ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. "ಔಷಧಿ ತಗೊಂಡ್ರೆ ನೆಗಡಿ ಏಳು ದಿನ, ತಗೊಳ್ದಿದ್ರೆ ಒಂದು ವಾರ" ಎಂಬ ಮಾತಿನಲ್ಲಿರುವ ವಿವೇಕವೂ ಇದಕ್ಕೆ ಹತ್ತಿರದ್ದೇ. ತೀರಾ ಕೆಟ್ಟಾಗಲೇ ಔಷಧಿಗೆ ಕೈ ಹಾಕುತ್ತೇವೆ, ಅಲ್ಲಿಂದ ಮುಂದೆ ಇರುವ ದಾರಿ ಬಹುಪಾಲು ಏರುಮುಖವೇ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಇಸ್ರೇಲಿನ ವಿಮಾನ ಚಾಲನಾ ತರಬೇತುದಾರರಿಗೆ ಪಾಠ ಹೇಳುವಾಗ ಅಲ್ಲಿನ ಹಿರಿಯರೊಬ್ಬರು ನಮ್ಮ ಶಿಕ್ಷಕರ ವಾದವನ್ನೇ ಮುಂದಿಟ್ಟಿದ್ದರು: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನ ಮೇಲೆ ಕಿರುಚಿದರೆ ಸುಧಾರಿಸುತ್ತಾನೆ. ಕಾನ್‌ಮನ್ ಆ ತರಬೇತುದಾರರನ್ನೇ ನಿಲ್ಲಿಸಿ, ಬೆನ್ನ ಹಿಂದಿನ ಗುರಿಯೊಂದಕ್ಕೆ ತಿರುಗಿ ನೋಡದೆ ಎರಡು ಸಲ ನಾಣ್ಯ ಎಸೆಸಿದರು. ಮೊದಲ ಸಲ ಗುರಿಯ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರದ್ದು ಎರಡನೆಯ ಸಲ ದೂರ ಹೋಯಿತು, ದೂರ ಬಿದ್ದವರದ್ದು ಹತ್ತಿರ ಬಂತು. ಯಾರೂ ಯಾರಿಗೂ ಬೈದಿರಲಿಲ್ಲ. ಏಮಸ್ ಟ್ವರ್ಸ್ಕಿ ಅವರೊಡನೆ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ತರಬೇತುದಾರರ ಪ್ರಸಂಗವನ್ನು ಅವರು ಸೇರಿಸಿದರು. 2002ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಇದರ ಪರಿಣಾಮ ಎಂಥದ್ದೆಂದು ಯೋಚಿಸಿ. ಶಿಕ್ಷಕರು ವರ್ಷಗಟ್ಟಲೆ ತರಗತಿಯಲ್ಲಿ ನಿಂತು ಕಣ್ಣಾರೆ ಕಂಡದ್ದರಿಂದಲೇ ಕಲಿಯುತ್ತಾರೆ, ಆದರೆ ಕಲಿಯುವುದು ತಪ್ಪು ಪಾಠ. ಗದರಿದಾಗಲೆಲ್ಲ ಬಹುಮಾನ ಸಿಕ್ಕಂತೆ, ಬೆನ್ನು ತಟ್ಟಿದಾಗಲೆಲ್ಲ ಪೆಟ್ಟು ಬಿದ್ದಂತೆ ಆಗುತ್ತದೆ. "ದಂಡಂ ದಶಗುಣಂ" ಇಷ್ಟು ಗಟ್ಟಿಯಾಗಿ ಬೇರೂರಲು ಇದೂ ಒಂದು ಕಾರಣ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ಬೆಲೆ ತೆರುವವರು ಮಕ್ಕಳು.

ಎಡವುವ ಜಾಗ: ಎರಡನೆಯ ಸುತ್ತು ಮುಗಿದ ಮೇಲೆ ಗುಂಪನ್ನು ಹೊಸದಾಗಿ ಆರಿಸಬೇಡಿ. ಮೊದಲ ಸುತ್ತಿನಲ್ಲಿ ನಿಂತ ಅವರೇ ಆರು ಮಂದಿಯ ಎರಡನೆಯ ಮೊತ್ತವನ್ನು ನೋಡಬೇಕು. ಇಡೀ ತರಗತಿಯ ಸರಾಸರಿ ಎರಡೂ ಸುತ್ತಿನಲ್ಲಿ ಹೆಚ್ಚುಕಡಿಮೆ 7ರಲ್ಲೇ ಇರುತ್ತದೆ ಎಂಬುದನ್ನೂ ತೋರಿಸಿ. ಎಲ್ಲರೂ ನಡುವಿಗೆ ಬಂದು ಸೇರುತ್ತಿಲ್ಲ. ಎರಡನೆಯ ಸುತ್ತಿನಲ್ಲೂ 2 ಬಂದವರು, 12 ಬಂದವರು ಇರುತ್ತಾರೆ, ಆದರೆ ಅವರು ಬೇರೆಯವರು.

ಹಂತ 3: ಕೆಂಪು ದಾಳ ಹಾಗೇ ಇರಲಿ

"ಮಗು ದಾಳವಲ್ಲ, ಅದಕ್ಕೆ ಸಾಮರ್ಥ್ಯ ಇದೆ" ಎಂದು ಯಾರಾದರೂ ಆಕ್ಷೇಪಿಸಬೇಕು, ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಇನ್ನೊಂದು ಸುತ್ತು ಆಡಿ. ಕೆಂಪು ದಾಳದಲ್ಲಿ ಮೊದಲ ಸಲ ಬಂದದ್ದು ಮಗುವಿನ ಸಾಮರ್ಥ್ಯ, ಅದನ್ನು ಬದಲಿಸುವಂತಿಲ್ಲ. ಬಿಳಿ ದಾಳ ಆ ದಿನದ ಅದೃಷ್ಟ: ಓದಿದ ಪಾಠದಿಂದಲೇ ಪ್ರಶ್ನೆ ಬಂದದ್ದು, ಹಿಂದಿನ ರಾತ್ರಿ ಊರಹಬ್ಬದಲ್ಲಿ ನಿದ್ದೆಗೆಟ್ಟದ್ದು, ಜ್ವರ, ಗಡಿಬಿಡಿಯಲ್ಲಿ 6ನ್ನು 0 ಎಂದು ಓದಿದ್ದು, ಪೇಪರ್ ತಿದ್ದಿದವರ ಮನಸ್ಸು. ಬಿಳಿ ದಾಳವನ್ನು ಮಾತ್ರ ಮತ್ತೆ ಎಸೆದು ಮೊದಲಿನ ಕೆಂಪು ಅಂಕಕ್ಕೆ ಕೂಡಿ.

ಈಗ ಕೆಳಗಿನ ಗುಂಪು 3.3ರಿಂದ ಸುಮಾರು 5.2ಕ್ಕೆ ಬರುತ್ತದೆ, ಮೇಲಿನದು 10.7ರಿಂದ 8.8ಕ್ಕೆ. ಸಾಮರ್ಥ್ಯ ಅರ್ಧ, ಅದೃಷ್ಟ ಅರ್ಧ ಇರುವ ಪರೀಕ್ಷೆಯಲ್ಲಿ ಗುಂಪು ಸರಾಸರಿಯ ಕಡೆಗೆ ಅರ್ಧ ದಾರಿ ಸರಿಯುತ್ತದೆ ಎಂದರ್ಥ. ಅದೃಷ್ಟದ ಪಾಲು ಕಡಿಮೆಯಾದಷ್ಟೂ ಸರಿಯುವುದು ಕಡಿಮೆ. 5 ಪ್ರಶ್ನೆಯ ಕಿರುಪರೀಕ್ಷೆಯಲ್ಲಿ ಇದು ಜಾಸ್ತಿ, 3 ಗಂಟೆಯ ವಾರ್ಷಿಕ ಪರೀಕ್ಷೆಯಲ್ಲಿ ಕಡಿಮೆ.

ಹಂತ 4: ನಿಮ್ಮ ಅಂಕವಹಿಯಲ್ಲಿ ಹುಡುಕಿ

ಹಿಂದಿನ ಎರಡು ಕಿರುಪರೀಕ್ಷೆಗಳನ್ನು ತೆಗೆದುಕೊಳ್ಳಿ. ಎರಡನೆಯ ಪ್ರಶ್ನೆಪತ್ರಿಕೆ ಸುಲಭವಾಗಿದ್ದರೆ ಎಲ್ಲರ ಅಂಕವೂ ಏರುತ್ತದೆ. ಅದನ್ನು ಮೊದಲು ತೆಗೆದುಹಾಕಬೇಕು. ಅದಕ್ಕೆ ಪ್ರತಿ ಮಗುವಿನ ಅಂಕದಿಂದ ಆ ಪರೀಕ್ಷೆಯ ತರಗತಿ ಸರಾಸರಿಯನ್ನು ಕಳೆಯಿರಿ.

ಒಂದು ಮಾದರಿ ಲೆಕ್ಕ ಮಾಡೋಣ. ಮೊದಲ ಪರೀಕ್ಷೆಯಲ್ಲಿ ತರಗತಿಯ ಸರಾಸರಿ 14. ಕೆಳಗಿನ ಆರು ಮಕ್ಕಳ ಅಂಕ 4, 5, 6, 6, 7, 8. ಅವರ ಸರಾಸರಿ 6, ಅಂದರೆ ತರಗತಿಗಿಂತ 8 ಕೆಳಗೆ. ಎರಡನೆಯದರಲ್ಲಿ ಅದೇ ಮಕ್ಕಳಿಗೆ ಅದೇ ಕ್ರಮದಲ್ಲಿ 9, 7, 13, 12, 11, 8, ಸರಾಸರಿ 10. ಆರರಲ್ಲಿ ಐವರು ಏರಿದ್ದಾರೆ, ಸರಾಸರಿ 4 ಅಂಕ ಹೆಚ್ಚು. ಸ್ಟಾಫ್‌ರೂಮಿನಲ್ಲಿ ಹೆಮ್ಮೆಯಿಂದ ಹೇಳುವಂಥ ಸುಧಾರಣೆ. ಆದರೆ ತರಗತಿಯ ಸರಾಸರಿಯೂ 15 ಆಗಿದೆ. ಅಂದರೆ 4ರಲ್ಲಿ 1 ಅಂಕ ಪತ್ರಿಕೆಯ ಸುಲಭದ್ದೋ, ಇಡೀ ತರಗತಿಯ ಕಲಿಕೆಯದ್ದೋ. 8 ಕೆಳಗಿದ್ದವರು 5 ಕೆಳಗೆ ಬಂದರು. ಉಳಿದದ್ದು 3 ಅಂಕ. ಈ ಮೂರಕ್ಕೆ ಯಾರು ಕಾರಣ, ಬೈಗುಳವೋ ಮರಳುವಿಕೆಯೋ?

ಇಲ್ಲಿ ಒಂದು ಚೆಂದದ ಉಪಾಯವಿದೆ. ಕಾಲವನ್ನು ಹಿಂದುಮುಂದು ಮಾಡಿ. ಎರಡನೆಯ ಪರೀಕ್ಷೆಯಲ್ಲಿ ತೀರಾ ಕೆಳಗಿರುವ ಆರು ಮಕ್ಕಳನ್ನು ಆರಿಸಿ, ಮೊದಲ ಪರೀಕ್ಷೆಯಲ್ಲಿ ಅವರು ಎಲ್ಲಿದ್ದರು ನೋಡಿ. ಅವರೂ ಮೊದಲ ಪರೀಕ್ಷೆಯಲ್ಲಿ ಸರಾಸರಿಗೆ ಹತ್ತಿರವೇ ಇದ್ದದ್ದು ಕಾಣುತ್ತದೆ. ಎರಡನೆಯ ಪರೀಕ್ಷೆಯ ಅಂಕ ನೋಡಿ ಬೈದ ಬೈಗುಳ ಹಿಂದಕ್ಕೆ ಹೋಗಿ ಮೊದಲ ಪರೀಕ್ಷೆಯ ಅಂಕ ಏರಿಸಲಾರದಷ್ಟೆ! ಮುಂದಕ್ಕೆ 3, ಹಿಂದಕ್ಕೂ ಸುಮಾರು 3 ಬಂದರೆ ಬೈಗುಳಕ್ಕೆ ಕೊಡಲು ಏನೂ ಉಳಿಯಲಿಲ್ಲ ಎಂಬುದಕ್ಕೆ ಅದು ಬಲವಾದ ಸುಳಿವು. ಮುಂದಕ್ಕೆ 3, ಹಿಂದಕ್ಕೆ 1 ಮಾತ್ರ ಬಂದರೆ ನಡುವೆ ಏನೋ ಕೆಲಸ ಮಾಡಿರಬಹುದು, ಮುಂದಿನ ಹಂತಗಳಲ್ಲಿ ಹುಡುಕಬೇಕು. ಸುಳಿವು ಎಂದೆ, ರುಜುವಾತು ಎನ್ನಲಿಲ್ಲ; ಎರಡೂ ಪರೀಕ್ಷೆಗಳಲ್ಲಿ ಅಂಕಗಳ ಹರವು ಒಂದೇ ತೆರನಾಗಿದ್ದರೆ ಮಾತ್ರ ಈ ಹೋಲಿಕೆ ನಿಲ್ಲುತ್ತದೆ.

ಈ ಎರಡು ದಿಕ್ಕಿನ ನೋಟ ಹೊಸದಲ್ಲ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ಜೋಡಿ ತಂದೆತಾಯಿಯ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರವನ್ನು ಹೋಲಿಸಿದಾಗ, ತುಂಬ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವಾಗಿದ್ದರೂ ಸರಾಸರಿಗೆ ಹತ್ತಿರ ಸರಿದಿದ್ದರು. ತುಂಬ ಎತ್ತರದ ಮಕ್ಕಳಿಂದ ಹಿಂದಕ್ಕೆ ನೋಡಿದರೂ ತಂದೆತಾಯಿ ಸರಾಸರಿಗೇ ಹತ್ತಿರ. ವಂಶ ಕುಗ್ಗುತ್ತಿರಲಿಲ್ಲ, ಆರಿಸಿದ ರೀತಿ ಹಾಗಿತ್ತು.

ಹಂತ 5: ನಾಲ್ಕು ಮನೆ ಎಳೆಯಿರಿ

ಹಾಳೆಯ ಮೇಲೆ ನಾಲ್ಕು ಮನೆಯ ಚೌಕ ಬರೆಯಿರಿ. ಅಡ್ಡ ಸಾಲು ಎರಡು: ಬೈದವರು, ಬೈಯದವರು. ಕಂಬ ಸಾಲು ಎರಡು: ಏರಿದವರು, ಏರದವರು. ಮನಸ್ಸಿನಲ್ಲಿ ಉಳಿಯುವುದು ಬೈದು ಏರಿದವರ ಮನೆ ಮಾತ್ರ. ನಮ್ಮ ನಂಬಿಕೆಗೆ ಹೊಂದುವುದನ್ನೇ ಹುಡುಕುವ, ಅದನ್ನೇ ನೆನಪಿಟ್ಟುಕೊಳ್ಳುವ ಈ ಒಲವಿಗೆ ದೃಢೀಕರಣ ಪಕ್ಷಪಾತ ಎಂದು ಹೆಸರು. ಅದು ದಡ್ಡರ ಕಾಯಿಲೆಯೂ ಅಲ್ಲ. 1960ರಲ್ಲಿ ಪೀಟರ್ ವೇಸನ್ ಲಂಡನ್ನಿನಲ್ಲಿ 29 ವಿದ್ಯಾರ್ಥಿಗಳಿಗೆ 2, 4, 6 ಎಂಬ ಸಾಲು ಕೊಟ್ಟು, ಇದರ ಹಿಂದಿನ ನಿಯಮವನ್ನು ಬೇರೆ ಸಾಲುಗಳನ್ನು ಪರೀಕ್ಷಿಸಿ ಕಂಡುಹಿಡಿಯಲು ಹೇಳಿದರು. ನಿಯಮ ಸರಳ: ಏರುವ ಯಾವುದೇ ಮೂರು ಸಂಖ್ಯೆ. ಹೆಚ್ಚಿನವರು 8, 10, 12ರಂತೆ ತಮ್ಮ ಊಹೆಗೆ ಹೊಂದುವ ಸಾಲುಗಳನ್ನೇ ಮುಂದಿಟ್ಟರು. ಮೊದಲ ಉತ್ತರವೇ ಸರಿಯಾದದ್ದು 6 ಮಂದಿಯದು. ತಮ್ಮ ಊಹೆಯನ್ನು ಮುರಿಯಬಲ್ಲ 6, 4, 2 ಅಥವಾ 1, 2, 9ರಂಥ ಸಾಲು ಕೇಳುವುದು ಅಷ್ಟು ಕಷ್ಟ.

ನಿಮ್ಮ ಚೌಕದಲ್ಲಿ ಬೈದವರು 15, ಅವರಲ್ಲಿ ಏರಿದವರು 12 ಎಂದಿಟ್ಟುಕೊಳ್ಳಿ. ಬೈಯದವರು 5, ಅವರಲ್ಲಿ ಏರಿದವರು 4. ಹನ್ನೆರಡು ಎಲ್ಲಿ, ನಾಲ್ಕು ಎಲ್ಲಿ ಎನಿಸುತ್ತದೆ. ಆದರೆ 15ಕ್ಕೆ 12 ಎಂದರೂ ಶೇ. 80, 5ಕ್ಕೆ 4 ಎಂದರೂ ಶೇ. 80. ಬೈದದ್ದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗಿಲ್ಲ.

ಎಡವುವ ಜಾಗ ಎರಡು. ಬೈಯದವರ ಸಾಲಿಗೆ ಇಡೀ ತರಗತಿಯನ್ನು ತುಂಬಬೇಡಿ. ಬೈಸಿಕೊಂಡವರಷ್ಟೇ ಕಡಿಮೆ ಅಂಕ ತೆಗೆದವರನ್ನು ಮಾತ್ರ ಸೇರಿಸಿ. 20 ತೆಗೆಯುವ ಮಗುವನ್ನು 6 ತೆಗೆಯುವ ಮಗುವಿನೊಡನೆ ಹೋಲಿಸಿದರೆ ಮತ್ತೆ ದಾಳದ ಕಥೆಯೇ. ಎರಡನೆಯದಾಗಿ, ಯಾರಿಗೆ ಬೈದಿರಿ ಎಂಬುದನ್ನು ನೆನಪಿನಿಂದ ತುಂಬಬೇಡಿ. ಏರಿದವನಿಗೆ ಬೈದದ್ದು ನೆನಪಿರುತ್ತದೆ, ಏರದವನಿಗೆ ಬೈದದ್ದು ಮರೆತಿರುತ್ತದೆ. ಮುಂದಿನ ಪರೀಕ್ಷೆಗೆ ಮುಂಚೆಯೇ ಗುರುತು ಹಾಕಿಟ್ಟ ಪಟ್ಟಿ ಇಲ್ಲದಿದ್ದರೆ ಈ ಹಂತವನ್ನು ಮುಂದಿನ ಅವಧಿಗೆ ಬಿಡಿ.

ಹಂತ 6: ಚೀಟಿ ಎತ್ತಿ

ಇಲ್ಲಿಯವರೆಗೆ ಮಾಡಿದ್ದು ಹಳೆಯ ಅಂಕಗಳ ತನಿಖೆ. ನಿಜವಾದ ಪರೀಕ್ಷೆಗೆ ಒಂದು ಎಚ್ಚರಿಕೆ: ಬೈಗುಳವನ್ನು ಮಕ್ಕಳ ಮೇಲೆ ಪ್ರಯೋಗಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಇದೇ ಮಾತು ಹೇಳುತ್ತಿದ್ದೆ. ಪರೀಕ್ಷಿಸಬೇಕಾದದ್ದು ಒಳ್ಳೆಯದಾಗಬಹುದೆಂದು ನೀವು ನಂಬಿರುವ ಕ್ರಮವನ್ನು. ಪರಿಹಾರ ಬೋಧನೆ, ಅಂದರೆ ಹಿಂದುಳಿದ ಮಕ್ಕಳಿಗೆ ನಡೆಸುವ ಪ್ರತ್ಯೇಕ ಪಾಠ, ಇದಕ್ಕೆ ಹೇಳಿ ಮಾಡಿಸಿದ್ದು.

ಮೊದಲಿಗೆ 12 ಮಕ್ಕಳನ್ನು ಆರಿಸಿ. ಒಂದೇ ಪರೀಕ್ಷೆ ನೋಡಿ ಆರಿಸದೆ, ಹಿಂದಿನ ಮೂರು ಕಿರುಪರೀಕ್ಷೆಗಳ ಸರಾಸರಿ ತೆಗೆದು ಕೆಳಗಿನವರನ್ನು ತೆಗೆದುಕೊಳ್ಳಿ; ಮೂರರ ಸರಾಸರಿಯಲ್ಲಿ ಅದೃಷ್ಟದ ಪಾಲು ತಗ್ಗುತ್ತದೆ. ಆ ಸರಾಸರಿಯ ಕ್ರಮದಲ್ಲಿ ಹೆಸರು ಬರೆದು ಅಕ್ಕಪಕ್ಕದ ಇಬ್ಬಿಬ್ಬರನ್ನು ಜೋಡಿ ಮಾಡಿ, ಆರು ಜೋಡಿ ಆಗುತ್ತದೆ. ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ, ಇಲ್ಲವೇ ಇಬ್ಬರ ಹೆಸರಿನ ಚೀಟಿ ಮಡಚಿ ಒಂದನ್ನು ಎತ್ತಿಸಿ. ಬಂದವರಿಗೆ ಮೊದಲ ನಾಲ್ಕು ವಾರ ಪರಿಹಾರ ಬೋಧನೆ, ಜೊತೆಯವರಿಗೆ ನಂತರದ ನಾಲ್ಕು ವಾರ. ಯಾರಿಗೂ ತಪ್ಪುವುದಿಲ್ಲ, ಸರದಿ ಮಾತ್ರ ಬೇರೆ. ನಾಲ್ಕನೆಯ ವಾರದ ಕೊನೆಯಲ್ಲಿ, ಸರದಿ ಬದಲಾಗುವ ಮೊದಲು, ಹನ್ನೆರಡೂ ಮಕ್ಕಳಿಗೆ ಒಂದೇ ಪತ್ರಿಕೆಯ ಪರೀಕ್ಷೆ.

ಚೀಟಿಯೇ ಯಾಕೆ? ಸರಾಸರಿಯತ್ತ ಮರಳುವಿಕೆ ನಿಂತುಹೋಗುವುದಿಲ್ಲ, ಆದರೆ ಈಗ ಎರಡೂ ಗುಂಪಿಗೆ ಸಮನಾಗಿ ಹಂಚಿಹೋಗುತ್ತದೆ. ಇನ್ನು ಗುಂಪುಗಳ ನಡುವೆ ಕಾಣುವ ಅಂತರ ಪಾಠದ್ದು ಅಥವಾ ಬರಿಯ ಆಕಸ್ಮಿಕದ್ದು. ಆಕಸ್ಮಿಕವನ್ನು ಎಂಟನೆಯ ಹಂತದಲ್ಲಿ ಎಣಿಸುತ್ತೇವೆ.

ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪರೀಕ್ಷಿಸಿದ್ದು ಹೆಚ್ಚುಕಡಿಮೆ ಹೀಗೆಯೇ. ಊರಿನದೇ ಯುವತಿಯೊಬ್ಬಳು ಹಿಂದುಳಿದ 15ರಿಂದ 20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಕೂರಿಸಿಕೊಂಡು ಓದುಬರಹ, ಲೆಕ್ಕ ಹೇಳಿಕೊಡುವ ಏರ್ಪಾಡು ಅದು. ಅರ್ಧದಷ್ಟು ಶಾಲೆಗಳಲ್ಲಿ ಮೂರನೆಯ ತರಗತಿಗೆ, ಉಳಿದರ್ಧದಲ್ಲಿ ನಾಲ್ಕನೆಯ ತರಗತಿಗೆ ಬಾಲಸಖಿ. ಯಾರಿಗೆ ಯಾವುದೆಂಬುದು ಯಾದೃಚ್ಛಿಕ ಆಯ್ಕೆ. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಸಲು ಗುಂಪೂ ಸಿಕ್ಕಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಂಕ ಏರಿದ್ದು ಸ್ಪಷ್ಟವಾಗಿತ್ತು, ಅದರಲ್ಲೂ ತೀರಾ ಹಿಂದಿದ್ದ ಮಕ್ಕಳಿಗೆ ಲಾಭ ಹೆಚ್ಚು. ಅಂದಮೇಲೆ ಈ ವಿಧಾನ ಒಳ್ಳೆಯದನ್ನು ಒಳ್ಳೆಯದೆಂದು ತೋರಿಸಲೂ ಬಲ್ಲದು. ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಬಡತನ ನಿವಾರಣೆಗೆ ಇಂಥ ಪ್ರಯೋಗಗಳನ್ನು ಬಳಸಿದ್ದಕ್ಕಾಗಿ.

ಇಲ್ಲಿ ಕೆಡುವುದು ಬಹುತೇಕ ಕರುಣೆಯಿಂದ. "ಪಾಪ, ಇವನಿಗೆ ಮೊದಲು ಕೊಡೋಣ" ಎಂದು ಚೀಟಿಯ ನಂತರ ಒಬ್ಬನನ್ನು ಅದಲುಬದಲು ಮಾಡಿದರೂ ಗುಂಪುಗಳು ಸಮನಾಗಿ ಉಳಿಯುವುದಿಲ್ಲ. ಯಾವುದೋ ಮಗುವಿಗೆ ಕೂಡಲೇ ನೆರವು ಬೇಕೇಬೇಕು ಎಂದಿದ್ದರೆ ಚೀಟಿಗೆ ಮೊದಲೇ ಅದನ್ನು ಪಟ್ಟಿಯಿಂದ ಹೊರಗಿಟ್ಟು ನೆರವು ಕೊಡಿ. ಇನ್ನೊಂದು, ಪರಿಹಾರ ಬೋಧನೆಗೆ ಹೆಸರು ಬಂದು ನಡುವೆ ಬಿಟ್ಟ ಮಗುವಿನ ಅಂಕವನ್ನೂ ಅದೇ ಗುಂಪಿನಲ್ಲೇ ಎಣಿಸಿ. ಬಿಟ್ಟವರನ್ನು ಕಿತ್ತುಹಾಕಿದರೆ ಉಳಿಯುವವರು ಛಲವಿರುವ ಮಕ್ಕಳು ಮಾತ್ರ. ಆಗ ನೀವು ಅಳೆಯುವುದು ಛಲವನ್ನು.

ಹಂತ 7: ಹೆಸರು ಮುಚ್ಚಿ ತಿದ್ದಿಸಿ

ಉತ್ತರಪತ್ರಿಕೆಯ ಮೇಲೆ ಹೆಸರು ಬೇಡ. 1ರಿಂದ 12ರವರೆಗಿನ ಗುಟ್ಟು ಸಂಖ್ಯೆ ಕೊಡಿ, ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿ ಲಕೋಟೆಯಲ್ಲಿರಲಿ. ಪಾಠ ಮಾಡಿದವರು ತಿದ್ದಬಾರದು; ಯಾರು ಯಾವ ಗುಂಪೆಂದು ತಿಳಿಯದ ಇನ್ನೊಬ್ಬ ಶಿಕ್ಷಕರು ತಿದ್ದಲಿ. ಮಕ್ಕಳ ಅಕ್ಷರದ ಗುರುತು ಇರುವ ಅದೇ ತರಗತಿಯ ಶಿಕ್ಷಕರಿಗಿಂತ ಪಕ್ಕದ ಸೆಕ್ಷನ್ನಿನವರು ಮೇಲು.

ಪ್ರಾಮಾಣಿಕರಿಗೆ ಇಷ್ಟು ಕಾವಲು ಯಾಕೆ ಎನ್ನಬೇಡಿ. 1963ರಲ್ಲಿ ಪ್ರಕಟವಾದ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಅವರ ಪ್ರಯೋಗದಲ್ಲಿ 12 ವಿದ್ಯಾರ್ಥಿಗಳಿಗೆ ತಲಾ 5 ಇಲಿ ಕೊಟ್ಟು, ಅರ್ಧ ಜನಕ್ಕೆ "ಇವು ಜಾಣ ತಳಿ", ಉಳಿದವರಿಗೆ "ಇವು ಮಂದ ತಳಿ" ಎಂದು ಹೇಳಿದ್ದರು. ಇಲಿಗಳೆಲ್ಲ ಒಂದೇ ತರದವು. ಆದರೂ ದಾರಿ ಹುಡುಕುವ ಪರೀಕ್ಷೆಯಲ್ಲಿ "ಜಾಣ" ಇಲಿಗಳೇ ಮುಂದೆ ಬಂದವೆಂದು ದಾಖಲಾಯಿತು. ಯಾರೂ ಬೇಕೆಂದು ಮೋಸ ಮಾಡಬೇಕಾಗಿಲ್ಲ. ನಿರೀಕ್ಷೆ ಕೈಯಲ್ಲಿ, ಕಣ್ಣಲ್ಲಿ, ಅರ್ಧ ಅಂಕ ಕೊಡಲೋ ಬೇಡವೋ ಎಂಬ ಆ ಒಂದು ಕ್ಷಣದಲ್ಲಿ ಕೂತಿರುತ್ತದೆ.

ಹಂತ 8: ಎಣಿಸಿ

ಹನ್ನೆರಡೂ ಅಂಕ ಶಾಯಿಯಲ್ಲಿ ಬರೆದಾದ ಮೇಲೆ ಲಕೋಟೆ ತೆರೆಯಿರಿ. ಪ್ರತಿ ಜೋಡಿಯಲ್ಲಿ ಪಾಠ ಸಿಕ್ಕ ಮಗು ಹೆಚ್ಚು ತೆಗೆದಿದೆಯೇ ಎಂದು ಮಾತ್ರ ನೋಡಿ. ಸಮಸಮ ಬಂದ ಜೋಡಿಯನ್ನು ಬಿಡಿ.

ಪಾಠದಿಂದ ಏನೂ ಆಗಿಲ್ಲ ಎಂದಾದರೆ ಪ್ರತಿ ಜೋಡಿಯ ಫಲಿತಾಂಶ ನಾಣ್ಯ ಚಿಮ್ಮಿದಂತೆ. ಆರಕ್ಕೆ ಆರೂ ಜೋಡಿ ಪಾಠದ ಕಡೆಗೆ ಬರುವುದು ಆಕಸ್ಮಿಕವಾಗಿ 64ಕ್ಕೆ 1 ಸಲ ಮಾತ್ರ. ಅಂಥ ಫಲಿತಾಂಶವನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ಐದು ಅಥವಾ ಹೆಚ್ಚು ಬರುವುದು 64ಕ್ಕೆ 7 ಸಲ, ಅಂದರೆ ಶೇ. 11, ಇದರ ಮೇಲೆ ತೀರ್ಮಾನ ಕಟ್ಟಬೇಡಿ. 10 ಜೋಡಿ ಹೊಂದಿಸಲು ಆದರೆ 9 ಅಥವಾ ಹೆಚ್ಚು ಬರುವ ಸಂಭವ ಶೇ. 1ರ ಹತ್ತಿರ, 8 ಅಥವಾ ಹೆಚ್ಚು ಎಂದರೆ ಶೇ. 5.5. ಎರಡು ಸೆಕ್ಷನ್ ಸೇರಿಸಿ ಜೋಡಿ ಹೆಚ್ಚಿಸಿಕೊಳ್ಳುವುದೇ ಜಾಣತನ, ಆದರೆ ಜೋಡಿಯ ಇಬ್ಬರೂ ಒಂದೇ ಸೆಕ್ಷನ್ನಿನವರಾಗಿರಲಿ.

ಫಲಿತಾಂಶ ಹಿಡಿಸಲಿಲ್ಲವೆಂದು ಮರುದಿನ ಇನ್ನೊಂದು ಟೆಸ್ಟ್ ಕೊಟ್ಟು, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾಣ್ಯವನ್ನು ಸಾಕಷ್ಟು ಸಲ ಚಿಮ್ಮಿದರೆ ಬೇಕಾದ್ದು ಬಿದ್ದೇ ಬೀಳುತ್ತದೆ. ಹಂತ 1ರಲ್ಲಿ ಬರೆದ ಕಾಗದ ತೆಗೆದು ಪಕ್ಕದಲ್ಲಿಟ್ಟು ಓದಿ, ಬಂದದ್ದನ್ನು ಬಂದ ಹಾಗೇ ಬರೆದಿಡಿ. ಆರು ಜೋಡಿಯ ಪ್ರಯೋಗದಲ್ಲಿ "ವ್ಯತ್ಯಾಸ ಕಾಣಲಿಲ್ಲ" ಎಂದರೆ "ಪ್ರಯೋಜನವಿಲ್ಲ" ಎಂದರ್ಥವಲ್ಲ ಎಂಬುದನ್ನೂ ಬರೆಯಿರಿ. ಸಣ್ಣ ಪ್ರಯೋಜನ ಸಣ್ಣ ಪ್ರಯೋಗದ ಕಣ್ಣಿಗೆ ಬೀಳುವುದಿಲ್ಲ.

ಮನೆಯಲ್ಲಿ ಒಂದೇ ಮಗು ಇದ್ದರೆ

ತಂದೆತಾಯಿಗೆ ಗುಂಪು ಸಿಗುವುದಿಲ್ಲ, ಆದರೂ ಎರಡು ಕೆಲಸ ಮಾಡಬಹುದು. ಮೊದಲನೆಯದು, ಟ್ಯೂಷನ್ ಬದಲಿಸುವ ಮುಂಚೆ ಹಿಂದಿನ ಐದಾರು ಪರೀಕ್ಷೆಗಳ ಸರಾಸರಿ ಬರೆದಿಡಿ. 15, 17, 14, 16 ತೆಗೆಯುತ್ತಿದ್ದ ಮಗಳು ಒಮ್ಮೆ 8 ತೆಗೆದರೆ, ಏನೂ ಮಾಡದಿದ್ದರೂ ಮುಂದಿನದು 14–15ರ ಹತ್ತಿರ ಬರುವುದನ್ನೇ ನಿರೀಕ್ಷಿಸಬೇಕು. ಹೊಸ ಟ್ಯೂಷನ್ನಿನ ನಂತರ 15 ಬಂದರೆ ಅದು ಟ್ಯೂಷನ್ನಿನ ಗುಣವನ್ನೂ ಹೇಳುವುದಿಲ್ಲ, ದೋಷವನ್ನೂ ಹೇಳುವುದಿಲ್ಲ. ಮೂರ್ನಾಲ್ಕು ಪರೀಕ್ಷೆ 19, 20 ಎಂದು ನಿಂತರೆ ಆಗ ಮಾತಾಡೋಣ. ಹಾಗೆಂದು ಎರಡು ಮೂರು ಪರೀಕ್ಷೆ ಸತತವಾಗಿ 8ರಲ್ಲೇ ನಿಂತರೆ ಅದೃಷ್ಟದ ಮೇಲೆ ಹೊರಿಸಿ ಸುಮ್ಮನಿರಬೇಡಿ; ಕಣ್ಣು, ನಿದ್ದೆ, ತರಗತಿಯಲ್ಲಿ ಕೂರುವ ಜಾಗ ಎಲ್ಲವನ್ನೂ ವಿಚಾರಿಸಿ.

ಎರಡನೆಯದು, ಓದುವ ರೀತಿಯನ್ನು ಮಗುವಿನೊಳಗೇ ಹೋಲಿಸುವುದು. ವಾರಕ್ಕೆ 20 ಹೊಸ ಇಂಗ್ಲಿಷ್ ಪದ ಎಂದಿಟ್ಟುಕೊಳ್ಳಿ. ಇಪ್ಪತ್ತನ್ನೂ ಚೀಟಿಯಲ್ಲಿ ಬರೆದು ಮಡಚಿ, ನೋಡದೆ ಹತ್ತನ್ನು ಎತ್ತಿ. ಆ ಹತ್ತನ್ನು ಐದೈದು ಸಲ ನೋಡಿ ಬರೆಯಲಿ. ಉಳಿದ ಹತ್ತನ್ನು ಒಮ್ಮೆ ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತೆರೆದು ತಿದ್ದಿಕೊಳ್ಳಲಿ. ಎರಡಕ್ಕೂ ಗಡಿಯಾರ ಇಟ್ಟು ಒಂದೇ ಸಮಯ. ಶನಿವಾರ ಇಪ್ಪತ್ತನ್ನೂ ಕಲಸಿ ಕೇಳಿ. ಯಾವ ಪದ ಯಾವ ರೀತಿಯದ್ದು ಎಂಬ ಪಟ್ಟಿ ಅಮ್ಮನ ಬಳಿ ಇದ್ದರೆ, ಕೇಳುವ ಕೆಲಸ ಅಪ್ಪನದೋ ಅಜ್ಜಿಯದೋ ಆಗಲಿ. ಆರು ವಾರದಲ್ಲಿ ಒಂದೊಂದು ರೀತಿಗೆ 60 ಪದ ಆಗುತ್ತವೆ. ಎರಡು ವಾರಕ್ಕೇ ಲೆಕ್ಕ ಕೂಡಿಸಿ ನೋಡುವ ಆಸೆಯಾಗುತ್ತದೆ. ಆರನೆಯ ಶನಿವಾರದ ಸಂಜೆಯವರೆಗೆ ಕೂಡಿಸಬೇಡಿ.